ಜೊತೆಗೊಬ್ಬರಿದ್ದಾಗ ಕೈ ಎಲ್ಲಿಯವರೆಗೆ ಚಾಚಬೇಕು? ಇಳಿವಯಸ್ಸಿನಲ್ಲಿ ಮನೆ ಹಂಚಿಕೊಂಡು ಬಾಳುವ ಬಗ್ಗೆ

ಹೊಸಿಲು:
78 ವಯಸ್ಸಿನ ಹಿರಿಯರೊಬ್ಬರ ಮನೆಗೆ 62ರ ಜೊತೆಗಾರರೊಬ್ಬರು ಬಂದಿದ್ದಾರೆ. ಬಂಧುಗಳಲ್ಲ, ಸಂಬಳಕ್ಕೆ ಬಂದವರೂ ಅಲ್ಲ. ಖರ್ಚು ಹಂಚಿಕೊಂಡು ಒಂದೇ ಸೂರಿನಡಿ ಇರುವ ಏರ್ಪಾಡು. ಹಿರಿಯರು ಕೋಲು ಹಿಡಿದು ಓಡಾಡುತ್ತಾರೆ. ಸ್ನಾನ, ಬಟ್ಟೆ, ಅಡುಗೆ ಎಲ್ಲ ತಾವೇ. ಬಿಪಿ ಮಾತ್ರೆ, ರಕ್ತ ತೆಳುವಾಗಿಸುವ ಮಾತ್ರೆ ನಡೆಯುತ್ತಿವೆ. ಕಿವಿಗೆ ಯಂತ್ರ ಇದೆ. ಜೊತೆಗಾರರಿಗೆ ಭಯ ಜಾಸ್ತಿ. ಹಿರಿಯರು ಸ್ನಾನಕ್ಕೆ ಹೋದರೆ ಬಾಗಿಲಾಚೆ ನಿಂತು ಎರಡು ನಿಮಿಷಕ್ಕೊಮ್ಮೆ ಕೂಗುತ್ತಾರೆ. ಹಿರಿಯರಿಗೆ ಅದು ಹಿಂಸೆ. ಎಷ್ಟು ನೆರವಾಗಬೇಕು, ಎಲ್ಲಿ ನಿಲ್ಲಿಸಬೇಕು? ಮನೆಯಲ್ಲಿ ಏನೇನು ಬದಲಾಗಬೇಕು? ಬರಹದಲ್ಲಿ ಏನಿರಬೇಕು? ಬಲ್ಲವರು ಬಿಡಿಸಿ ಹೇಳಿ.

ವಾರ್ಡ್ ಸಿಸ್ಟರ್:
ಮೊದಲು ಒಂದು ಪಟ್ಟಿ ಮಾಡಿ, ಭಯದ ಮಾತು ಆಮೇಲೆ. ಹಿರಿಯರು ಎಷ್ಟರಮಟ್ಟಿಗೆ ಸ್ವತಂತ್ರರು ಅಂತ ನೋಡುವುದಕ್ಕೆ ಎರಡು ಹಳೆಯ ಪಟ್ಟಿಗಳು ಇವತ್ತಿಗೂ ಬಳಕೆಯಲ್ಲಿವೆ. ಅಮೆರಿಕದ ವೈದ್ಯ ಸಿಡ್ನಿ ಕಾಟ್ಜ್ 1963ರಲ್ಲಿ ಪ್ರಕಟಿಸಿದ್ದರಲ್ಲಿ ಆರು ಕೆಲಸ: ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಶೌಚಕ್ಕೆ ಹೋಗಿಬರುವುದು, ಹಾಸಿಗೆಯಿಂದ ಕುರ್ಚಿಗೆ ಎದ್ದು ಕೂರುವುದು, ಮಲಮೂತ್ರದ ಹಿಡಿತ, ಊಟ. ಅಲ್ಲಿಯವರೇ ಆದ ಸಂಶೋಧಕರು ಲಾಟನ್ ಮತ್ತು ಬ್ರಾಡಿ 1969ರಲ್ಲಿ ಕೊಟ್ಟದ್ದರಲ್ಲಿ ಎಂಟು: ಫೋನ್, ಅಂಗಡಿ ಕೆಲಸ, ಅಡುಗೆ, ಮನೆ ಒಪ್ಪ ಮಾಡುವುದು, ಬಟ್ಟೆ ಒಗೆಯುವುದು, ಓಡಾಟ, ಔಷಧಿ, ಹಣಕಾಸು.

ಸಾಮಾನ್ಯವಾಗಿ ಈ ಎಂಟರಲ್ಲಿರುವವು ಮೊದಲು ಕಷ್ಟವಾಗುತ್ತವೆ. ಆರರಲ್ಲಿರುವವು ಆಮೇಲೆ, ಅವುಗಳಲ್ಲೂ ಮೊದಲು ಸ್ನಾನ, ಕಟ್ಟಕಡೆಗೆ ಊಟ. ನೀವು ಕೇಳಿದ ಗಡಿ ಇಲ್ಲೇ ಇದೆ. ಎಂಟರ ಪಟ್ಟಿಯ ಕೆಲಸಗಳನ್ನು ಜೊತೆಗಾರರು ಹಂಚಿಕೊಳ್ಳಬಹುದು, ಹಣಕಾಸು ಮತ್ತು ಔಷಧಿಗೆ ಮಾತ್ರ ಕಟ್ಟುಪಾಡು ಹಾಕಿಕೊಂಡು. ಆರರ ಪಟ್ಟಿಯಲ್ಲಿ ದಿನಾ ಕೈ ಹಾಕಬೇಕಾದ ಸ್ಥಿತಿ ಬಂದರೆ ಅದು ಶುಶ್ರೂಷೆಯ ಕೆಲಸ. ಅದಕ್ಕೆ ತರಬೇತಿ ಇರುವವರು ಬೇಕು. ಅದನ್ನು ಸ್ನೇಹದ ಹೆಸರಿನಲ್ಲಿ ಜೊತೆಗಾರರ ಮೇಲೆ ಹೊರಿಸಿದರೆ ಇಬ್ಬರೂ ಸೋಲುತ್ತಾರೆ.

ಒಂದು ಹಾಳೆಯಲ್ಲಿ ಹದಿನಾಲ್ಕೂ ಕೆಲಸ ಬರೆದು, ಎದುರಿಗೆ ಮೂರು ಕಲಂ ಹಾಕಿ: ತಾನೇ ಮಾಡುವುದು, ಪಕ್ಕದಲ್ಲಿ ಯಾರಾದರೂ ಇದ್ದರೆ ಮಾಡುವುದು, ಬೇರೆಯವರು ಮಾಡಬೇಕಾದದ್ದು. ಗುರುತು ಹಾಕುವವರು ಹಿರಿಯರೇ ಆಗಿರಲಿ. ಮೂರು ತಿಂಗಳಿಗೊಮ್ಮೆ ಮತ್ತೆ ನೋಡಿ. ಆಸ್ಪತ್ರೆಯಲ್ಲಿ ಮಲಗಿ ಬಂದರೆ ಮೂರು ತಿಂಗಳು ಕಾಯಬೇಡಿ, ಮನೆಗೆ ಬಂದ ವಾರವೇ ನೋಡಿ. ಹಾಸಿಗೆ ಹಿಡಿದ ಕೆಲವೇ ದಿನಗಳಲ್ಲಿ ಕಾಲಿನ ಶಕ್ತಿ ಕುಗ್ಗಿರುತ್ತದೆ.

ಬಹಳ ಸಲ ತಪ್ಪುವುದು ಮೊದಲ ಕಲಮಿನಲ್ಲಿ. ಅಂಗಿ ಹಾಕಿಕೊಳ್ಳುವುದನ್ನೇ ನೋಡಿ. ಬೆರಳು ಮರಗಟ್ಟಿದವರಿಗೆ ಒಂದು ಗುಂಡಿ ಹಾಕಲು ಅರ್ಧ ನಿಮಿಷ ಬೇಕು: ಗುಂಡಿ ಅಂಚಿಗೆ ಬರುತ್ತದೆ, ಜಾರುತ್ತದೆ, ಮತ್ತೆ ಹಿಡಿಯಬೇಕು. ನೋಡುವವರ ಕೈ ತಡೆಯುವುದಿಲ್ಲ, ತಾವೇ ಹಾಕಿಬಿಡುತ್ತಾರೆ. ದಿನಾ ಹೀಗಾದರೆ ಆ ಬೆರಳಿಗೆ ಅಭ್ಯಾಸವೇ ಉಳಿಯುವುದಿಲ್ಲ. ಗುಂಡಿ ಹಾಕಿಕೊಡುವ ಬದಲು ಮುಂದೆ ತೆರೆಯುವ, ದೊಡ್ಡ ಗುಂಡಿಯ ಅಂಗಿ ತನ್ನಿ. ತೀರಾ ಆಗದಿದ್ದರೆ ಗುಂಡಿಯ ಜಾಗಕ್ಕೆ ವೆಲ್ಕ್ರೋ ಹೊಲಿಸಿ. ತೋಳು ಸೋತಿದ್ದರೆ ಹಾಕುವಾಗ ಸೋತ ತೋಳು ಮೊದಲು, ತೆಗೆಯುವಾಗ ಗಟ್ಟಿ ತೋಳು ಮೊದಲು.

ಮರಗೆಲಸ ಮತ್ತು ನಲ್ಲಿ:
ಸ್ನಾನದ ಮನೆಯ ವಿಷಯ ನಾನು ಹೇಳುತ್ತೇನೆ. ಬಾಗಿಲಾಚೆ ಮನುಷ್ಯರು ಕಾವಲು ನಿಲ್ಲಬೇಕಾಗಿ ಬರುವುದು ಒಳಗೆ ಹಿಡಿದುಕೊಳ್ಳಲು ಏನೂ ಇಲ್ಲದಿದ್ದಾಗ.

ಹಿಡಿಕೆ ರಾಡ್: ದಪ್ಪ 32ರಿಂದ 38 ಮಿ.ಮೀ., ಗೋಡೆಗೂ ರಾಡಿಗೂ ನಡುವೆ ಸುಮಾರು 38 ಮಿ.ಮೀ. ಸಂದು. ಸಂದು ಇನ್ನೂ ಅಗಲವಾದರೆ ಜಾರಿದಾಗ ಮುಂಗೈ ಒಳಗೆ ಹೊಕ್ಕು ಮೂಳೆ ಮುರಿಯಬಹುದು. ಕಮೋಡ್ ಪಕ್ಕದ ಅಡ್ಡ ರಾಡಿಗೆ ನೆಲದಿಂದ 84ರಿಂದ 91 ಸೆಂ.ಮೀ. ಎಂಬುದು ಸಾರ್ವಜನಿಕ ಕಟ್ಟಡಗಳ ಅಳತೆ. ಮನೆಯಲ್ಲಿ ಆ ಅಳತೆಗೆ ಕಟ್ಟುಬೀಳಬೇಡಿ. ಹಿರಿಯರನ್ನೇ ಕೂರಿಸಿ, ಏಳಿಸಿ, ಕೈ ತಾನಾಗಿ ಹೋಗಿ ಊರುವ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ. ಶವರ್ ಜಾಗಕ್ಕೆ ಕಾಲಿಡುವಲ್ಲಿ ನಿಲುವಾದ ರಾಡ್ ಒಂದು ಬೇಕೇ ಬೇಕು. ಒಂದು ಕಾಲು ಗಾಳಿಯಲ್ಲಿರುವ ಕ್ಷಣ ಅದು.

ಕೂರಿಸುವ ಕ್ರಮ: ಟೈಲ್ಸ್ ತಟ್ಟಿ ನೋಡಿ, ಟೊಳ್ಳು ಸದ್ದು ಬಂದರೆ ಹಿಂದೆ ಗಾರೆ ಬಿಟ್ಟಿದೆ, ಅಲ್ಲಿ ಬೇಡ. ಟೈಲ್ಸ್ ದಾಟುವವರೆಗೆ ಡ್ರಿಲ್‌ನ ಹ್ಯಾಮರ್ (ಕುಟ್ಟುತ್ತಾ ಕೊರೆಯುವ ಏರ್ಪಾಡು) ಬಂದ್ ಮಾಡಿ ಟೈಲ್ಸ್ ಬಿಟ್‌ನಲ್ಲಿ ನಿಧಾನ ಕೊರೆಯಿರಿ. ಗಟ್ಟಿ ಗೋಡೆ ಸಿಕ್ಕಮೇಲೆ ಹ್ಯಾಮರ್ ಹಾಕಿ. ಸ್ಕ್ರೂ ಹಿಡಿದುಕೊಳ್ಳುವ ಪ್ಲಾಸ್ಟಿಕ್ ಪ್ಲಗ್ ಪೂರ್ತಿ ಗೋಡೆಯೊಳಗೆ ಕೂರಬೇಕು. ಅದು ಟೈಲ್ಸ್‌ನಲ್ಲೇ ಉಳಿದರೆ ಸ್ಕ್ರೂ ಬಿಗಿದಾಗ ಹಿಗ್ಗಿ ಟೈಲ್ಸ್ ಸೀಳುತ್ತದೆ. ಸ್ಕ್ರೂ ಸ್ಟೇನ್‌ಲೆಸ್ ಸ್ಟೀಲಿನದು. ರಂಧ್ರದ ಸುತ್ತ ಸಿಲಿಕೋನ್ ಹಚ್ಚಿ, ಇಲ್ಲದಿದ್ದರೆ ನೀರು ಇಳಿದು ಒಳಗಿಂದೊಳಗೇ ಸಡಿಲವಾಗುತ್ತದೆ. ಜಿಪ್ಸಮ್ ಅಥವಾ ಟೊಳ್ಳು ಗೋಡೆಯಾದರೆ ಹಿಂದೆ ಮರದ ಪಟ್ಟಿ ಕೂರಿಸದೆ ರಾಡ್ ಹಾಕಲೇಬೇಡಿ. ಕೆಲಸ ಮುಗಿದಮೇಲೆ ಗಟ್ಟಿಮುಟ್ಟಾದವರೊಬ್ಬರು ಪೂರ್ತಿ ಭಾರ ಬಿಟ್ಟು ಜೋತು ನೋಡಬೇಕು. ಒಳ್ಳೆಯ ರಾಡ್ 110 ಕಿಲೋ ಮೀರಿ ತಡೆಯುತ್ತದೆ.

ಕಮೋಡ್ ಎತ್ತರ 43ರಿಂದ 48 ಸೆಂ.ಮೀ. ಇದ್ದರೆ ಏಳುವುದು ಸುಲಭ. ತಗ್ಗಿದ್ದರೆ ಮೇಲೆ ಕೂರಿಸುವ ಎತ್ತರದ ಸೀಟು ಸಿಗುತ್ತದೆ. ಕ್ಲ್ಯಾಂಪ್ ಇರುವುದನ್ನೇ ತನ್ನಿ; ಸುಮ್ಮನೆ ಮೇಲಿಡುವಂಥದ್ದು ಪಕ್ಕಕ್ಕೆ ವಾಲಿದರೆ ಜಾರುತ್ತದೆ.

ಬಿಸಿನೀರು: ನಲ್ಲಿಯಲ್ಲಿ ಬರುವುದು 49 ಡಿಗ್ರಿ ಸೆಲ್ಸಿಯಸ್ ಮೀರಬಾರದು. 60 ಡಿಗ್ರಿಯ ನೀರಿಗೆ ಚರ್ಮ ಆಳವಾಗಿ ಸುಡಲು ಐದಾರು ಸೆಕೆಂಡು ಸಾಕು. 49ರಲ್ಲಿ ನಿಮಿಷಗಳು ಬೇಕು, ಸರಿದುಕೊಳ್ಳಲು ಸಮಯ ಸಿಗುತ್ತದೆ. ಹಾಗಂತ ದೊಡ್ಡ ಟ್ಯಾಂಕಿನ ಬಿಸಿಯನ್ನೇ ಇಳಿಸಿದರೆ ಅದರಲ್ಲಿ ನ್ಯುಮೋನಿಯಾ ತರುವ ಲೀಜನೆಲ್ಲಾ ಬ್ಯಾಕ್ಟೀರಿಯಾ ಬೆಳೆಯಬಹುದು. ಟ್ಯಾಂಕ್ 60ರಲ್ಲೇ ಇರಲಿ, ನಲ್ಲಿಗೆ ಮೊದಲು ಥರ್ಮೋಸ್ಟಾಟಿಕ್ ಮಿಕ್ಸಿಂಗ್ ವಾಲ್ವ್ (ತಣ್ಣೀರು ಬೆರೆಸಿ ಬಿಸಿಯನ್ನು ಒಂದೇ ಮಟ್ಟದಲ್ಲಿಡುವ ಸಾಧನ) ಹಾಕಿಸಿ.

ಹೊಸಿಲು:
ಸರ್, ಗಾಳಿ ಒತ್ತಡದಲ್ಲಿ ಅಂಟಿಕೊಳ್ಳುವ ಹಿಡಿಕೆ ಸಾಲದೇ? ಗೋಡೆ ಕೊರೆಯುವುದು ಬೇಡ ಅನ್ನುತ್ತಿದ್ದಾರೆ.

ಮರಗೆಲಸ ಮತ್ತು ನಲ್ಲಿ:
ಸಾಲದು. ಸಮತೋಲಕ್ಕೆ ಬೆರಳು ತಾಗಿಸಲು ಆದೀತು, ಮೈಭಾರಕ್ಕೆ ಆಗದು. ಉಗಿ, ಸೋಪಿನ ಪಸೆ, ಟೈಲ್ಸ್ ಸಂದಿಯ ಗೆರೆ, ಯಾವುದಾದರೊಂದರಿಂದ ಗಾಳಿ ಒಳಗೆ ನುಸುಳುತ್ತದೆ, ಹಿಡಿಕೆ ಕೈಯಲ್ಲೇ ಕಿತ್ತು ಬರುತ್ತದೆ. ಟವೆಲ್ ರಾಡ್ ಕೂಡ ಹಾಗೆಯೇ, ಅದನ್ನು ಟವೆಲ್ಲಿನ ಭಾರಕ್ಕೆ ಮಾಡಿರುತ್ತಾರೆ. ಗೋಡೆ ಕೊರೆಯುವುದು ಬೇಡವೇ ಬೇಡ ಅಂದರೆ ಕೈಹಿಡಿ ಇರುವ ಸ್ನಾನದ ಕುರ್ಚಿ ಮತ್ತು ಕಮೋಡ್ ಸುತ್ತ ನಿಲ್ಲಿಸುವ ಕಬ್ಬಿಣದ ಚೌಕಟ್ಟು ತನ್ನಿ. ನಾಲ್ಕೂ ಕಾಲಿಗೆ ರಬ್ಬರ್ ಇರಲಿ.

ಇನ್ನು ಬಾಗಿಲು, ಇದನ್ನು ಯಾರೂ ಯೋಚಿಸುವುದಿಲ್ಲ. ಸ್ನಾನದ ಮನೆ ಬಾಗಿಲು ಒಳಕ್ಕೆ ತೆರೆಯುವಂಥದ್ದಾಗಿ, ಒಳಗೆ ಬಿದ್ದವರು ಅದಕ್ಕೇ ಒರಗಿದ್ದರೆ ಹೊರಗಿನವರು ತಳ್ಳಿದಷ್ಟೂ ಪೆಟ್ಟು. ಬಾಗಿಲನ್ನು ಹೊರಕ್ಕೆ ತೆರೆಯುವಂತೆ ತಿರುಗಿಸಿ ಹಾಕಿಸಿ, ಅಥವಾ ಮೇಲಕ್ಕೆತ್ತಿದರೆ ಕಳಚಿಬರುವ ಹಿಂಜ್ ಹಾಕಿಸಿ. ಚಿಲಕ ಕಿತ್ತುಹಾಕಬೇಡಿ, ಅದು ಹಿರಿಯರ ಮರ್ಯಾದೆಯ ಪ್ರಶ್ನೆ. ಹೊರಗಿನಿಂದ ನಾಣ್ಯ ತಿರುಗಿಸಿ ತೆಗೆಯಬಹುದಾದ ಲಾಕ್ ಸಿಗುತ್ತದೆ, ಅದನ್ನು ಹಾಕಿಸಿ. ನಾಣ್ಯ ಒಂದನ್ನು ಬಾಗಿಲ ಚೌಕಟ್ಟಿನ ಮೇಲೇ ಅಂಟಿಸಿಡಿ.

ವಾರ್ಡ್ ಸಿಸ್ಟರ್:
ಆ ಲಾಕ್ ಬಂದಮೇಲೆ ಕೂಗಾಟ ನಿಲ್ಲಿಸಬಹುದು. ಒಳಗೆ ಹೋಗುವಾಗ ಹಿರಿಯರು "ಸ್ನಾನಕ್ಕೆ ಹೋಗ್ತಿದ್ದೀನಿ" ಅನ್ನಲಿ. ಜೊತೆಗಾರರು ಟೈಮರ್ ಇಟ್ಟುಕೊಳ್ಳಲಿ. ಎಷ್ಟು ನಿಮಿಷ ಅನ್ನುವುದನ್ನು ಹಿರಿಯರೇ ಹೇಳಲಿ, 20 ಅಂದರೆ 20. ಅಷ್ಟಾದಮೇಲೆ ಒಮ್ಮೆ ಬಾಗಿಲು ತಟ್ಟುವುದು. ಸ್ನಾನದಲ್ಲಿ ಕಿವಿಯಂತ್ರ ಇರುವುದಿಲ್ಲ, ಆದ್ದರಿಂದ ಜೋರಾಗಿಯೇ. ಉತ್ತರ ಬರದಿದ್ದರೆ ಇನ್ನೊಮ್ಮೆ, ಆಮೇಲೆ ನಾಣ್ಯ. ಇಷ್ಟನ್ನು ಮೊದಲೇ ಮಾತಾಡಿಕೊಂಡಿದ್ದರೆ ಬಾಗಿಲು ತೆಗೆದಾಗ ಯಾರಿಗೂ ಮುಜುಗರ ಇರುವುದಿಲ್ಲ.

ಫಿಜಿಯೋ ಕೋಣೆ:
ಕೋಲಿನ ಎತ್ತರ ಸರಿ ಇದೆಯಾ ನೋಡಿ. ನಿತ್ಯ ಹಾಕುವ ಚಪ್ಪಲಿ ಹಾಕಿ, ನೆಟ್ಟಗೆ ನಿಂತು, ಕೈ ಇಳಿಬಿಟ್ಟಾಗ ಮಣಿಕಟ್ಟಿನ ಗೆರೆಗೆ ಕೋಲಿನ ಹಿಡಿ ಬರಬೇಕು. ಹಿಡಿದಾಗ ಮೊಣಕೈ ಸ್ವಲ್ಪ ಬಾಗಿರಬೇಕು. ನೋವಿರುವ ಕಾಲಿನ ಪಕ್ಕದ ಕೈಯಲ್ಲಿ ಹಿಡಿಯುವುದು ತಪ್ಪು, ಎದುರು ಕೈಯಲ್ಲಿ ಹಿಡಿಯಬೇಕು. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಕೋಲಿನ ತಳದ ರಬ್ಬರ್ ಬುಡ್ಡೆಯನ್ನು ತಿಂಗಳಿಗೊಮ್ಮೆ ತಿರುಗಿಸಿ ನೋಡಿ, ಗೆರೆ ಸವೆದಿದ್ದರೆ ಬದಲಿಸಿ.

ಜೊತೆಗಾರರು ಬಿದ್ದವರನ್ನು ಕಂಕುಳಿಗೆ ಕೈಹಾಕಿ ಎತ್ತುವುದೇ ಹೆಚ್ಚು. ಇದರಿಂದ ಹಿರಿಯರ ಭುಜ, ಎತ್ತುವವರ ಸೊಂಟ ಎರಡಕ್ಕೂ ಪೆಟ್ಟು. 62 ಕೂಡ ಚಿಕ್ಕ ವಯಸ್ಸೇನಲ್ಲ. ಮೊದಲು ಮುಟ್ಟದೆ ಕೇಳಿ: ತಲೆಗೆ ಪೆಟ್ಟಾಯಿತಾ, ಸೊಂಟ, ಕುತ್ತಿಗೆ ನೋವಾ, ಕಾಲು ಅಲುಗುತ್ತಾ? ಒಂದು ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದ್ದರೆ ಸೊಂಟದ ಮೂಳೆ ಮುರಿದಿರುವ ಸಂಭವ ಹೆಚ್ಚು. ಏಳಿಸಲೇಬೇಡಿ, ಹೊದಿಸಿ, ಆಂಬುಲೆನ್ಸ್ ಕರೆಯಿರಿ.

ಏನೂ ಆಗಿಲ್ಲ ಅಂದರೆ ಅವರೇ ಏಳುವಂತೆ ಮಾಡಿ. ಒಂದು ಗಟ್ಟಿ ಕುರ್ಚಿ ತಲೆಯ ಕಡೆ, ಇನ್ನೊಂದು ಕಾಲಿನ ಕಡೆ ಇಡಿ. ಅವರು ಪಕ್ಕಕ್ಕೆ ಹೊರಳಿ, ಮೊಣಕೈ ಊರಿ, ಅಂಬೆಗಾಲಿನ ಭಂಗಿಗೆ ಬರಲಿ. ಮೊಣಕಾಲ ಕೆಳಗೆ ಮಡಿಸಿದ ಟವೆಲ್ ಇಟ್ಟರೆ ನೋವು ಕಡಿಮೆ. ಎರಡೂ ಕೈ ಮುಂದಿನ ಕುರ್ಚಿಯ ಮೇಲಿಟ್ಟು, ಗಟ್ಟಿ ಕಾಲಿನ ಪಾದವನ್ನು ನೆಲಕ್ಕೆ ಊರಿ, ಕೈಯಿಂದ ಒತ್ತುತ್ತಾ ಏಳಲಿ. ಸೊಂಟ ಮೇಲೆ ಬಂದ ತಕ್ಷಣ ನೀವು ಹಿಂದಿನ ಕುರ್ಚಿಯನ್ನು ಅವರ ಹಿಂದಕ್ಕೆ ತಳ್ಳಿ. ನಿಮ್ಮ ಪಾಲಿನ ಕೆಲಸ ಕುರ್ಚಿ ಸರಿಸುವುದು ಮತ್ತು ಬಾಯಲ್ಲಿ ಹೇಳುವುದು ಅಷ್ಟೇ. ಚೆನ್ನಾಗಿರುವ ದಿನವೊಂದರಲ್ಲಿ, ಫಿಜಿಯೋ ಎದುರು, ಚಾಪೆಯ ಮೇಲೆ ಇದನ್ನು ಒಮ್ಮೆ ಅಭ್ಯಾಸ ಮಾಡಿಡಿ.

ಏಳಲಾಗದೆ ಒಂದು ಗಂಟೆಗಿಂತ ಹೆಚ್ಚು ನೆಲದಲ್ಲೇ ಬಿದ್ದಿದ್ದರೆ, ಮೇಲ್ನೋಟಕ್ಕೆ ಗಾಯವಿಲ್ಲದಿದ್ದರೂ ವೈದ್ಯರು ನೋಡಬೇಕು. ಒತ್ತಿಹೋದ ಸ್ನಾಯು ಒಡೆದು ಅದರ ಅಂಶ ಮೂತ್ರಪಿಂಡಕ್ಕೆ ಹಾನಿ ಮಾಡುತ್ತದೆ. ಜೊತೆಗೊಬ್ಬರಿರುವುದರ ದೊಡ್ಡ ಲಾಭ ಇದೇ. ಬೀಳುವುದನ್ನು ಯಾರೂ ಪೂರ್ತಿ ತಡೆಯಲಾರರು, ಬಿದ್ದು ಗಂಟೆಗಟ್ಟಲೆ ಒಂಟಿಯಾಗಿ ಇರುವುದನ್ನು ತಡೆಯಬಹುದು.

ಮಾತ್ರೆ ಕೌಂಟರ್:
ರಕ್ತ ತೆಳುವಾಗಿಸುವ ಮಾತ್ರೆ ಅಂದಿರಿ. ಹಾಗಾದರೆ ಮೇಲಿನದಕ್ಕೆ ಒಂದು ಸೇರಿಸಿ: ತಲೆಗೆ ಪೆಟ್ಟಾದರೆ, ಗಾಯ ಕಾಣದಿದ್ದರೂ, ಮಾತು ಚೆನ್ನಾಗೇ ಇದ್ದರೂ, ತಡಮಾಡದೆ ಆಸ್ಪತ್ರೆಗೆ. ಒಳಗೆ ರಕ್ತ ನಿಧಾನವಾಗಿ ಸೇರಿ ಗಂಟೆಗಳ ನಂತರ ಲಕ್ಷಣ ಕಾಣಬಹುದು.

ಒಂದೇ ಮನೆಯಲ್ಲಿ ಇಬ್ಬರು ಮಾತ್ರೆ ತೆಗೆದುಕೊಳ್ಳುವವರಿದ್ದರೆ ಅದಲು ಬದಲಾಗುವುದೇ ದೊಡ್ಡ ಅಪಾಯ. ವಾರದ ಡಬ್ಬಿ ಇಬ್ಬರಿಗೂ ಬೇರೆ ಬಣ್ಣದ್ದು, ಬೇರೆ ಕೋಣೆಯಲ್ಲಿ. ತುಂಬಿಸುವುದು ವಾರಕ್ಕೊಮ್ಮೆ, ಹಗಲು ಬೆಳಕಿನಲ್ಲಿ, ಟಿವಿ ಬಂದ್ ಮಾಡಿ. ಹಿರಿಯರು ತುಂಬಲಿ, ಜೊತೆಗಾರರು ಪಟ್ಟಿ ಓದಿ ಹೇಳಲಿ. ಎಲ್ಲ ಮಾತ್ರೆಯನ್ನೂ ಡಬ್ಬಿಗೆ ಹಾಕಬಾರದು ಅನ್ನುವುದು ನೆನಪಿರಲಿ. ಎದೆನೋವಿಗೆ ನಾಲಿಗೆಯಡಿ ಇಡುವ ನೈಟ್ರೋಗ್ಲಿಸರಿನ್ ಅದರ ಗಾಜಿನ ಸೀಸೆಯಲ್ಲೇ ಇರಬೇಕು, ರಕ್ತ ತೆಳುವಾಗಿಸುವ ಡಾಬಿಗಾಟ್ರಾನ್ ಕ್ಯಾಪ್ಸೂಲ್ ತೇವ ತಾಗಿದರೆ ಕೆಡುತ್ತದೆ.

ಒಂದು ಹೊತ್ತಿನ ಮಾತ್ರೆ ಮರೆತರೆ ಮುಂದಿನ ಹೊತ್ತಿಗೆ ಎರಡು ನುಂಗುವುದು ಬೇಡ. ಬಿಟ್ಟದ್ದನ್ನು ಯಾವಾಗ ತೆಗೆದುಕೊಳ್ಳಬೇಕು ಅನ್ನುವುದು ಮಾತ್ರೆಯಿಂದ ಮಾತ್ರೆಗೆ ಬೇರೆ, ಔಷಧಿ ಕೊಡುವವರನ್ನು ಮೊದಲೇ ಕೇಳಿ ಪಟ್ಟಿಯಲ್ಲೇ ಬರೆದಿಡಿ. ಜೊತೆಗಾರರು ತಮ್ಮ ಮಂಡಿನೋವಿನ ಮಾತ್ರೆ ಪ್ರೀತಿಯಿಂದ ಕೊಟ್ಟರೂ ತೆಗೆದುಕೊಳ್ಳಬಾರದು. ಐಬುಪ್ರೊಫೆನ್‌ನಂಥವು ರಕ್ತ ತೆಳು ಮಾಡುವ ಮಾತ್ರೆಯ ಜೊತೆ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವ ಆಗಬಹುದು. ನೆಗಡಿಗೆ ಅಂಗಡಿಯಲ್ಲಿ ಸಿಗುವ ಮಾತ್ರೆಗಳಲ್ಲಿ ಪ್ಯಾರಾಸಿಟಮಾಲ್ ಅಡಗಿರುತ್ತದೆ, ಬೇರೆಯಾಗಿ ಅದನ್ನೂ ನುಂಗಿದರೆ ಲೆಕ್ಕ ತಪ್ಪುತ್ತದೆ. ಡೈಫೆನ್‌ಹೈಡ್ರಮಿನ್‌ನಂಥ ನಿದ್ದೆ ಬರಿಸುವ ಅಲರ್ಜಿ ಮಾತ್ರೆಗಳು ಇಳಿವಯಸ್ಸಿನಲ್ಲಿ ಮಂಕು, ಗೊಂದಲ, ಬೀಳುವಿಕೆ ತರುತ್ತವೆ.

ಬಿಪಿ ಮಾತ್ರೆಯವರು ಹಾಸಿಗೆಯಿಂದ ಥಟ್ಟನೆ ಏಳಬಾರದು. ಅಂಚಿಗೆ ಕೂತು, ಪಾದ ಮೇಲೆ ಕೆಳಗೆ ಹತ್ತು ಸಲ ಆಡಿಸಿ, ಒಂದೆರಡು ನಿಮಿಷ ಬಿಟ್ಟು ಏಳಲಿ. ತಲೆ ತಿರುಗುತ್ತಿದ್ದರೆ ಮಲಗಿದಾಗ ಒಮ್ಮೆ, ನಿಂತು ಮೂರು ನಿಮಿಷದೊಳಗೆ ಒಮ್ಮೆ ಬಿಪಿ ಬರೆದಿಡಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದಿದ್ದರೆ ವೈದ್ಯರಿಗೆ ತೋರಿಸಿ, ಮಾತ್ರೆಯ ಪ್ರಮಾಣ ಬದಲಾಗಬೇಕಾಗಬಹುದು.

ಕಿವಿಮಾತು:
ಕಿವಿಯಂತ್ರ ತೆಗೆದಿಟ್ಟು ಮಲಗಿದವರಿಗೆ ಹೊಗೆ ಅಲಾರಂ ಕೇಳದೇ ಹೋಗಬಹುದು ಅನ್ನುವುದು ಗೊತ್ತಿರಲಿ. ಸಾಮಾನ್ಯ ಅಲಾರಂ ಸುಮಾರು 3,100 ಹರ್ಟ್ಜ್‌ನ ಕೀಚಲು ಸದ್ದು. ಇಳಿವಯಸ್ಸಿನಲ್ಲಿ ಮೊದಲು ಕೈಕೊಡುವುದೇ ಈ ಮೇಲುದನಿಗಳು. 520 ಹರ್ಟ್ಜ್‌ನ ತಗ್ಗು ದನಿಯ ಅಲಾರಂ ಇವೆ, ಅದಕ್ಕೆ ಎಚ್ಚರವಾಗುವ ಸಾಧ್ಯತೆ ಎಷ್ಟೋ ಹೆಚ್ಚು. ದಿಂಬಿನಡಿ ಇಟ್ಟು ಅದುರುವ ಉಪಕರಣ ಜೋಡಿಸಿದರೆ ಇನ್ನೂ ಒಳ್ಳೆಯದು. ತಿಂಗಳಿಗೊಮ್ಮೆ ಗುಂಡಿ ಒತ್ತಿ ಪರೀಕ್ಷೆ, ಹತ್ತು ವರ್ಷಕ್ಕೆ ಅಲಾರಮ್ಮೇ ಹೊಸದು. ರಾತ್ರಿ ಬೆಂಕಿ ಎದ್ದರೆ ಹಿರಿಯರನ್ನು ಎಬ್ಬಿಸುವವರು ಜೊತೆಗಾರರೇ ಅನ್ನುವುದನ್ನು ಈಗಲೇ ಮಾತಾಡಿಕೊಳ್ಳಿ.

ಮಾತಿನ ವಿಷಯ: ಅಡುಗೆಮನೆಯಿಂದ ಕೂಗಬೇಡಿ. ಎದುರಿಗೆ ಬಂದು, ಮುಖದ ಮೇಲೆ ಬೆಳಕು ಬೀಳುವಂತೆ ನಿಂತು, ಹೆಸರು ಹಿಡಿದು ಕರೆದು, ಆಮೇಲೆ ವಿಷಯ. ಕಿರುಚಿದರೆ ದನಿ ಕೀಚಲಾಗಿ ಇನ್ನೂ ಕೇಳುವುದಿಲ್ಲ. ಜಗಳ ಅಂದುಕೊಂಡದ್ದರಲ್ಲಿ ಅರ್ಧ ಬರೀ ಕೇಳಿಸದೆ ಆದದ್ದಿರುತ್ತದೆ.

ಲೆಕ್ಕದ ಪುಸ್ತಕ:
ಬರಹದ ಬಗ್ಗೆ ಕೇಳಿದಿರಿ. ಎರಡು ಪುಟ ಸಾಕು, ಇಬ್ಬರ ಸಹಿ, ತಾರೀಕು, ಇಬ್ಬರಿಗೂ ಒಂದೊಂದು ಪ್ರತಿ. ಬಾಡಿಗೆ ಅಥವಾ ಖರ್ಚಿನ ಪಾಲು ಎಷ್ಟು, ಯಾವ ತಾರೀಕಿಗೆ. ಕರೆಂಟು, ನೀರು, ಇಂಟರ್ನೆಟ್ ಹೇಗೆ ಹಂಚಿಕೆ. ಯಾವ ಕೋಣೆ ಯಾರದು. ಅತಿಥಿ ಎಷ್ಟು ರಾತ್ರಿ ಉಳಿಯಬಹುದು. ಬಿಡುವಾಗ ಎಷ್ಟು ದಿನ ಮುಂಚೆ ಹೇಳಬೇಕು. ನೆರವಿಗೆ ಬದಲಾಗಿ ಬಾಡಿಗೆ ಕಡಿಮೆ ಮಾಡಿದ್ದರೆ ವಾರಕ್ಕೆ ಎಷ್ಟು ಗಂಟೆ, ಯಾವ ಕೆಲಸ ಅಂತ ಹೆಸರಿಟ್ಟು ಬರೆಯಿರಿ. "ಅಗತ್ಯ ಬಿದ್ದಾಗ ಸಹಾಯ" ಎಂಬ ಒಂದು ಸಾಲು ಎಲ್ಲ ಜಗಳಕ್ಕೂ ಮೂಲ, ಯಾಕೆಂದರೆ ಅಗತ್ಯ ಪ್ರತಿ ತಿಂಗಳೂ ಬೆಳೆಯುತ್ತದೆ. ಜೊತೆಗಾರರು ಊರಲ್ಲಿಲ್ಲದ ದಿನ ಯಾರು ನೋಡಿಕೊಳ್ಳುತ್ತಾರೆ ಅನ್ನುವುದನ್ನೂ ಬರೆಯಿರಿ. ಬಾಡಿಗೆ ಕಾನೂನು ಆಯಾ ಜಾಗದ್ದು, ಸಹಿಗೆ ಮುಂಚೆ ವಕೀಲರಿಗೊಮ್ಮೆ ತೋರಿಸಿ.

ಹಣ: ಎಟಿಎಂ ಪಿನ್ ಕೊಡುವುದು ಬೇಡ, ಜಂಟಿ ಖಾತೆ ಬೇಡ. ಜಂಟಿ ಖಾತೆಯಲ್ಲಿ ಸಾಮಾನ್ಯವಾಗಿ ಒಬ್ಬರೇ ಪೂರ್ತಿ ಹಣ ತೆಗೆಯಬಹುದು. ಅಂಗಡಿ ಕೆಲಸಕ್ಕೆ ಒಂದು ಪರ್ಸಿನಲ್ಲಿ ವಾರದ ಮೊತ್ತ ಇಡಿ, ರಸೀದಿ ಅದರಲ್ಲೇ ಹಾಕಿ, ವಾರದ ಕೊನೆಗೆ ಇಬ್ಬರೂ ಕೂತು ಕೂಡಿಸಿ. ಇದು ಅಪನಂಬಿಕೆಯಲ್ಲ. ಮುಂದೆ ಎಂದಾದರೂ ಮರೆವು ಬಂದು "ದುಡ್ಡು ಕಾಣ್ತಿಲ್ಲ" ಅಂದಾಗ ಜೊತೆಗಾರರ ಮರ್ಯಾದೆ ಕಾಯುವುದು ಆ ರಸೀದಿಗಳೇ.

ದೂರದೂರು:
ಹಾಲ್‌ನಲ್ಲಿ, ಸ್ನಾನದ ಮನೆ ಹಾದಿಯಲ್ಲಿ ಕ್ಯಾಮೆರಾ ಹಾಕಿದರೆ ದೂರದಲ್ಲಿರುವ ಮಕ್ಕಳೂ ನೋಡಬಹುದಲ್ಲ? ಇಷ್ಟೆಲ್ಲ ಏರ್ಪಾಡು ಯಾಕೆ?

ವಾರ್ಡ್ ಸಿಸ್ಟರ್:
ಹಿರಿಯರು ತಾವಾಗಿ ಕೇಳದೆ ಬೇಡ. ಅದು ಜೊತೆಗಾರರಿಗೂ ಮನೆ, ಅವರ ಒಪ್ಪಿಗೆಯೂ ಬೇಕು. ಕ್ಯಾಮೆರಾ ಬಿದ್ದದ್ದನ್ನು ತೋರಿಸುತ್ತದೆ, ಎಬ್ಬಿಸುವುದಿಲ್ಲ. ಬದಲಿಗೆ ಒಂದು ಗುರುತು ಇಟ್ಟುಕೊಳ್ಳಿ: ಬೆಳಿಗ್ಗೆ ಎದ್ದೊಡನೆ ಹಿರಿಯರು ಕೋಣೆಯ ಪರದೆ ಸರಿಸುವುದು. ಮಾತಾಡಿಕೊಂಡ ಹೊತ್ತಿಗೆ ಪರದೆ ಸರಿಯದಿದ್ದರೆ ಬಾಗಿಲು ತಟ್ಟುವುದು. ಜೊತೆಗೆ ಕೊರಳಿಗೆ ಅಥವಾ ಮಣಿಕಟ್ಟಿಗೆ ಹಾಕುವ ತುರ್ತು ಗುಂಡಿ, ನೀರು ತಾಗಿದರೂ ಕೆಡದಂಥದ್ದು. ಸ್ನಾನಕ್ಕೆ ಹೋಗುವಾಗ ಅದನ್ನು ಮೊಳೆಗೆ ನೇತುಹಾಕಿ ಹೋಗುವವರೇ ಹೆಚ್ಚು. ಅಲ್ಲೇ ಅದು ಬೇಕಾಗುವುದು.

ಹೊಸಿಲು:
ಎಲ್ಲರಿಗೂ ಧನ್ಯವಾದ. ಕೊನೆಯದೊಂದು. ಆಂಬುಲೆನ್ಸ್ ಬಂದಾಗ ಜೊತೆಗಾರರಿಗೆ ಏನೂ ಗೊತ್ತಿರುವುದಿಲ್ಲ ಅಂತ ಹಿರಿಯರ ಮಕ್ಕಳ ಆತಂಕ. ಗೋಡೆಗೆ ಹಾಕುವ ಹಾಳೆಯಲ್ಲಿ ಏನಿರಬೇಕು?

ವಾರ್ಡ್ ಸಿಸ್ಟರ್:
ಒಂದೇ ಪುಟ, ದೊಡ್ಡಕ್ಷರ, ಫ್ರಿಜ್ ಬಾಗಿಲಿಗೆ. ಅತಿಥಿಗಳ ಕಣ್ಣಿಗೆ ಬೀಳಬಾರದು ಅಂದರೆ ಲಕೋಟೆಯಲ್ಲಿಟ್ಟು ಮೇಲೆ "ತುರ್ತಿಗೆ" ಅಂತ ಬರೆಯಿರಿ. ಹೆಸರು, ಹುಟ್ಟಿದ ತಾರೀಕು, ಕಾಯಿಲೆಗಳು, ಮಾತ್ರೆಗಳು ಪ್ರಮಾಣದೊಂದಿಗೆ, ಅಲರ್ಜಿ, ವೈದ್ಯರ ಫೋನ್, ಮೊದಲು ಯಾರಿಗೆ ಕರೆ ಮಾಡಬೇಕು. ರಕ್ತ ತೆಳು ಮಾಡುವ ಮಾತ್ರೆಯ ಹೆಸರು ಕೆಂಪಕ್ಷರದಲ್ಲಿ ಎಲ್ಲಕ್ಕಿಂತ ಮೇಲೆ. ಕಿವಿಯಂತ್ರ, ಕನ್ನಡಕ, ಹಲ್ಲಿನ ಸೆಟ್ ಎಲ್ಲಿವೆ ಅಂತಲೂ ಬರೆಯಿರಿ. ಅವು ಮನೆಯಲ್ಲೇ ಉಳಿದರೆ ಆಸ್ಪತ್ರೆಯಲ್ಲಿ ಹಿರಿಯರು ಕೇಳದೆ, ಕಾಣದೆ ಗಾಬರಿಯಾಗುತ್ತಾರೆ, ಅದನ್ನೇ ಬುದ್ಧಿಭ್ರಮೆ ಅಂದುಕೊಂಡದ್ದೂ ಉಂಟು.

ಹಾಳೆಯ ಕೆಳಗೆ ಎರಡು ಸಾಲು ಜೊತೆಗಾರರಿಗಾಗಿ. ಮುಖ ಒಂದು ಕಡೆ ಜೋತಿದೆಯಾ, ಎರಡೂ ಕೈ ಎತ್ತಿದರೆ ಒಂದು ಇಳಿಯುತ್ತಾ, ಮಾತು ತೊದಲುತ್ತಾ, ಇವು ಪಾರ್ಶ್ವವಾಯುವಿನ (ಸ್ಟ್ರೋಕ್) ಲಕ್ಷಣ, ಒಂದಿದ್ದರೂ ಆಂಬುಲೆನ್ಸ್. ಚೆನ್ನಾಗಿದ್ದುದನ್ನು ಕೊನೆಗೆ ಕಂಡ ಗಂಟೆ ಬರೆದುಕೊಳ್ಳಿ, ಯಾಕೆಂದರೆ ಹೆಪ್ಪು ಕರಗಿಸುವ ಚುಚ್ಚುಮದ್ದು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡುವಂಥದ್ದು. ಎರಡನೆಯದು, ನಿನ್ನೆ ಸರಿಯಿದ್ದವರು ಇವತ್ತು ಗೊಂದಲವಾಗಿ ಮಾತಾಡಿದರೆ ಅದು ವಯಸ್ಸಿನ ಮರೆವಲ್ಲ. ಸೋಂಕು, ನೀರು ಸಾಲದಿರುವುದು, ಹೊಸ ಮಾತ್ರೆ, ಯಾವುದೋ ಕಾರಣ ಇದೆ, ಅವತ್ತೇ ತೋರಿಸಿ.

ಮರಗೆಲಸ ಮತ್ತು ನಲ್ಲಿ:
ಬೀಗದ ಕೈ ಮರೆಯಬೇಡಿ. ಜೊತೆಗಾರರೂ ಹೊರಗೆ ಹೋಗಿದ್ದಾಗ ಆಂಬುಲೆನ್ಸಿನವರು ಬಾಗಿಲು ಒಡೆಯಬೇಕಾಗುತ್ತದೆ. ಅಂಕಿ ಒತ್ತಿ ತೆರೆಯುವ ಕೀ ಡಬ್ಬಿಯನ್ನು ಹೊರಗೋಡೆಗೆ ಬೋಲ್ಟ್ ಹಾಕಿ ಕೂರಿಸಿ. ಅಂಕಿ ಗೊತ್ತಿರುವವರು ಮೂವರಿಗಿಂತ ಹೆಚ್ಚಿರಬಾರದು, ಯಾರಾದರೂ ಮನೆ ಬಿಟ್ಟು ಹೋದ ದಿನವೇ ಅಂಕಿ ಬದಲಿಸಿ. ಮತ್ತೆ, ಒಳಗಿನಿಂದ ಕೀ ಸಿಕ್ಕಿಸಿಟ್ಟರೆ ಹೊರಗಿನಿಂದ ಇನ್ನೊಂದು ಕೀ ಹೋಗದ ಬೀಗಗಳು ಬಹಳ ಇವೆ. ನಿಮ್ಮದು ಅಂಥದ್ದಾ ಅಂತ ಇವತ್ತೇ ಹಾಕಿ ನೋಡಿ.